ಉಗ್ರಾಣದ ಆಟ

ಗೌರಿ ಹಬ್ಬದ ಮಧ್ಯಾಹ್ನ ದೇವರ ಮುಂದೆ ಅತ್ತೆ ಸೊಸೆಯರು ಅಳಗುಳಿಮಣೆ ಆಡುವುದು, ಗೆದ್ದವರು ವರ್ಷವಿಡೀ ಉಗ್ರಾಣದ ಬೀಗದ ಕೈ ಇಟ್ಟುಕೊಳ್ಳುವುದು ಆ ಮನೆಯ ನಡಾವಳಿ. ಗುಳಿಯಲ್ಲಿ ನಾಲ್ಕು ಹುಣಸೆಬೀಜ ಕೂಡಿದರೆ ಅದಕ್ಕೆ ಕರು ಎನ್ನುತ್ತಾರೆ. ಗುಳಿ ಯಾರದೋ ಕರುವೂ ಅವರದೇ. ಸೊಸೆಯರು ಮರ್ಯಾದೆಗೆಂದು ತಮ್ಮ ಕರುಗಳನ್ನು ಎತ್ತದೆ ಬಿಡುತ್ತಿದ್ದರು. ಅತ್ತೆ ಒಮ್ಮೆಯೂ ಸೋತಿರಲಿಲ್ಲ.

ಹಿರಿಸೊಸೆ ಮಾತ್ರ ಮಣೆಯ ಹತ್ತಿರ ಸುಳಿದವಳಲ್ಲ. "ದೇವರ ಮುಂದೆ ಅನ್ನ ಪಣಕ್ಕಿಡೋ ಆಟ ನಂಗೆ ಬ್ಯಾಡ" ಎನ್ನುತ್ತಿದ್ದಳು.

ಈ ಸಲದ ಗೌರಿ ಹಬ್ಬಕ್ಕೆ ಕಿರಿಸೊಸೆ ಬಾಣಂತಿ. ಮೂರನೆಯದೂ ಹೆಣ್ಣೆಂದು ಅತ್ತೆ ಅವಳ ಅನ್ನಕ್ಕೆ ತುಪ್ಪ ಹಾಕಲಿಲ್ಲ.

ಹಿರಿಸೊಸೆ ದೀಪಕ್ಕೆ ಕೈಮುಗಿದು ಬಂದು ಮಣೆಯ ಮುಂದೆ ಕೂತಳು.

"ಏನವ್ವಾ, ಬ್ಯಾಡ ಅಂತಿದ್ದೆಯಲ್ಲ?" ಅತ್ತೆ ನಕ್ಕರು.

"ಈಗ ಬೇಕು ಅನ್ನಿಸ್ತು, ಅತ್ತೆಮ್ಮ."

ಸೊಸೆಯ ಗುಳಿಯಲ್ಲಿ ಮೊದಲ ಕರು ಕೂಡಿತು. ಅವಳು ಎತ್ತಿಕೊಂಡಳು.

"ಕಣ್ಣು ಬಲೇ ಚುರುಕಾಗವೆ!"

"ಗೌರಮ್ಮ ಕೊಟ್ಟಿರೋ ಕಣ್ಣು."

ಇನ್ನೊಂದನ್ನೂ ಎತ್ತಿದಳು. ಅತ್ತೆಯ ನಗು ನಿಂತಿತು.

"ದೊಡ್ಡೋರ ಎದುರಿಗೆ ಹಿಂಗಾ ಆಡೋದು?"

"ಒಳಗೆ ಬಾಣಂತಿ ಹಸ್ಕೊಂಡವಳೆ. ಬೀಜ ಹಾಕಿ, ನಿಮ್ಮ ಸರದಿ."

ಹೊತ್ತು ಇಳಿಯುವಷ್ಟರಲ್ಲಿ ಅತ್ತೆಯ ಗುಳಿಗಳೆಲ್ಲ ಬರಿದಾದವು. ಅವರು ಸೊಂಟದಿಂದ ಬೀಗದ ಕೈ ಬಿಚ್ಚಿ ಮಣೆಯ ಮೇಲೆ ಕುಕ್ಕಿದರು.

"ತಗೋ, ಇನ್ಮೇಲೆ ನೀನೇ ಯಜಮಾನಿ. ಯಾರಿಗೆಷ್ಟು ಅಂತ ನೀನೇ ಅಳೆದು ಹಾಕು."

ಸೊಸೆ ಉಗ್ರಾಣದ ಬಾಗಿಲು ತೆರೆದಳು, ತುಪ್ಪದ ಗಡಿಗೆಯನ್ನು ಬಾಣಂತಿಯ ಕೋಣೆಯಲ್ಲಿಟ್ಟಳು, ಬೀಗವನ್ನೂ ಬೀಗದ ಕೈಯನ್ನೂ ಒಟ್ಟಿಗೆ ಹಿತ್ತಲ ಬಾವಿಗೆ ಎಸೆದಳು.