ಅದುರು ಮಣೆ

"ನಡಿ ಬೊಳ್ಳಮ್ಮ. ಈ ಕಂಬದಿಂದ ಆ ಕಂಬಕ್ಕೆ. ಕೋಲು ಬಿಟ್ಟು ನಡಿ, ಡಾಕ್ಟ್ರು ನೋಡ್ಲಿ."

ಬೆತ್ತದ ಕುರ್ಚಿಯಲ್ಲಿ ಕೂತ ತೋಟದ ಸಾವ್ಕಾರ್ರು ಹೇಳಿದರೂ ಬೊಳ್ಳಮ್ಮ ಕದಲಲಿಲ್ಲ. ಈ ವಾರದಲ್ಲಿ ಇದು ಮೂರನೇ ಸಲ. ಬುಧವಾರ ಸಾವ್ಕಾರ್ರ ಭಾವ ಬಂದಾಗ ನಡೆದಿದ್ದಳು. ಶುಕ್ರವಾರ ಪಕ್ಕದ ಎಸ್ಟೇಟಿನವರು ಬಂದಾಗ ಹೋಗಿ ಬಂದು, ಮತ್ತೆ ಹೋಗಿ ಬಂದು ಅವರಿಗೆ ಬೇಸರ ಬರುವ ತನಕ ನಡೆದಿದ್ದಳು. ಸಂತೆಯಲ್ಲಿ ಮಾರಲು ತಂದ ಹಸುವನ್ನು ಹೀಗೇ ನಡೆಸುತ್ತಾರೆ. ಅದಕ್ಕಾದರೂ ಒಂದು ಹಿಡಿ ಹುಲ್ಲು ಸಿಗುತ್ತದೆ.

ಈ ನಡಿಗೆಗೆಲ್ಲ ಕಾರಣವಾದ ಯಂತ್ರ ಬಂಗಲೆಯ ಜಗಲಿಯ ಮೂಲೆಯಲ್ಲಿತ್ತು. ಬೊಂಬಾಯಿಯಿಂದ ಮಂಗಳೂರಿಗೆ ಬಂದು, ಸಂಪಾಜೆ ಘಾಟಿ ಹತ್ತಿದ ಕಬ್ಬಿಣದ ಮಣೆ. ಹಿಡಿದುಕೊಳ್ಳಲು ಎರಡು ಸರಳು, ಅಡಿಯಲ್ಲಿ ಮೋಟಾರು. ಮೇಲೆ ನಿಂತರೆ ಅಂಗಾಲಿನಿಂದ ಹಲ್ಲಿನವರೆಗೆ ಗಡಗಡ. ಮಳೆಗಾಲದಲ್ಲಿ ಸಾವ್ಕಾರ್ ಬೆಳ್ಯಪ್ಪನವರ ಜೀಪು ಮಗುಚಿ ಮೊಣಕಾಲಿನ ಕೆಳಗಿನ ಎಲುಬು ಮುರಿದಿತ್ತು. ಅದಾಗಿ ವಾರ ಕಳೆಯುವುದರೊಳಗೆ ಗೊಬ್ಬರ ಹೊತ್ತು ತೋಟದ ಗುಡ್ಡದ ಮೇಲಿನ ಬ್ಲಾಕಿನಲ್ಲಿ ಜಾರಿದ ಆಳು ಬೊಳ್ಳಮ್ಮನದೂ ಅದೇ ಎಲುಬು. ಮಡಿಕೇರಿಯ ಡಾಕ್ಟರು ರಾಮಕೃಷ್ಣಯ್ಯನವರೇ ಇಬ್ಬರಿಗೂ ಪ್ಲಾಸ್ಟರ್ ಹಾಕಿದರು, ಅವರೇ ಬಿಚ್ಚಿದರು. ಇಬ್ಬರ ಕಾಲೂ ಸೊರಗಿ ಬೆತ್ತವಾಗಿತ್ತು.

ಯಂತ್ರ ಬಂದ ದಿನ ಅದನ್ನು ಹತ್ತಲು ಸಾವ್ಕಾರ್ರಿಗೆ ಧೈರ್ಯ ಸಾಲಲಿಲ್ಲ. "ಮೊದ್ಲು ಬೊಳ್ಳಮ್ಮನ್ನ ನಿಲ್ಸಿ" ಅಂದರು. ಎಲುಬು ಮತ್ತೆ ಬಿಟ್ಟುಕೊಂಡರೆ ಅವಳದು ತಾನೇ! ಒಂದು ತಿಂಗಳು ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಮೊಣಕಾಲು ತುಸು ಬಗ್ಗಿಸಿ ನಿಂತಳು. ಸುಳ್ಳು ಹೇಳಬಾರದು, ಮೀನಖಂಡಕ್ಕೆ ಸತ್ವ ಬಂತು. ಕೋಲಿಲ್ಲದೆ ಜಗಲಿ ದಾಟುವಷ್ಟಾಯಿತು. ಫಜೀತಿ ಶುರುವಾದದ್ದೇ ಅಲ್ಲಿಂದ. ನೆಟ್ಟಗೆ ನಡೆದರೆ ನಾಳೆಯೇ ಮೇಲಿನ ಬ್ಲಾಕಿನಲ್ಲಿ ಕಾಫಿ ಕುಯ್ಲು, ತಲೆಯ ಮೇಲೆ ಹಣ್ಣಿನ ಮೂಟೆ. ಕುಂಟಿದರೆ, ಯಂತ್ರಕ್ಕೂ ಬಗ್ಗದ ಕಾಲು ಎಂದು ಹಾಜರಿಯಿಂದ ಹೆಸರು ಹೊಡೆದು, ಆಳುಗಳಿಗೆಂದು ಕೊಟ್ಟ ಲೈನ್ ಮನೆ ಖಾಲಿ ಮಾಡಿಸುವುದು. ಎರಡನ್ನೂ ತೋಟದ ಲೆಕ್ಕ ಬರೆಯುವ ರೈಟರ್ ಶಾಮಣ್ಣ ನಿನ್ನೆ ಒಂದೇ ಉಸಿರಿಗೆ ಒದರಿ, "ನಾನೆಂತ ಮಾಡ್ಲಿ ಮಾರಾಯ್ತಿ, ಹೇಳಿ ಬಾ ಅಂದ್ರು" ಎಂದು ತಲೆ ತಗ್ಗಿಸಿ ಹೋಗಿದ್ದ.

"ಎಂತ, ಕಿವಿ ಕೇಳುದಿಲ್ವಾ ನಿಂಗೆ?"

"ಕಿವಿ ಸರಿ ಉಂಟು ಸಾವ್ಕಾರ್ರೇ. ಅದನ್ನ ಯಾರೂ ಮಣೆ ಮೇಲೆ ಇಟ್ಟಿಲ್ಲ."

"ನೋಡಿ ಡಾಕ್ಟ್ರೇ! ಕೊಡಗು ಮೈಸೂರಿಗೆ ಸೇರಿದ್ದೇ ಸೇರಿದ್ದು, ಆಳುಗಳ ನಾಲಿಗೆ ಮೊಳ ಉದ್ದ ಆಯ್ತು."

ಡಾಕ್ಟರು ನಕ್ಕು, ಬಗ್ಗಿ ಅವಳ ಮೀನಖಂಡ ಒತ್ತಿ ನೋಡಿದರು. "ಭೇಷ್! ಮೈ ಅದುರಿದ ಹಾಗೆ ಸ್ನಾಯು ತಾನಾಗೇ ಬಿಗೀತದೆ, ಸಡಿಲ ಆಗ್ತದೆ. ಅದರಿಂದಲೇ ಬಲ. ಎಲುಬಿಗೂ ಒಳ್ಳೇದೇ."

"ಹಾಗಾದ್ರೆ ಶಾಮಣ್ಣ, ನಾಳೆ ಇವಳಿಗೆ ಮೇಲಿನ ಬ್ಲಾಕು. ಇನ್ನು ನನ್ನ ಸರದಿ. ಹೆಗಲು ಕೊಡಿ." ಸಾವ್ಕಾರ್ರು ಬೆತ್ತದ ಕುರ್ಚಿಯಿಂದ ಎದ್ದು, ಪಕ್ಕದಲ್ಲಿ ನಿಂತಿದ್ದ ಶಾಮಣ್ಣನ ಹೆಗಲಿಗೆ ಜೋತುಬಿದ್ದು ಮಣೆ ಹತ್ತಿದರು. ಮೋಟಾರು ಗುರುಗುಟ್ಟಿತು.

"ನೀವು ಅವಸರ ಮಾಡ್ಬೇಡಿ," ಡಾಕ್ಟರ ದನಿ ಬೆಣ್ಣೆಯಾಯಿತು. "ಸ್ನಾಯು ತಿಂಗಳಲ್ಲಿ ಚೇತರಿಸ್ತದೆ, ಎಲುಬು ಹಾಗಲ್ಲ. ಮಣೆಯೊಂದನ್ನೇ ನಂಬಿ ಕೂತ್ರೆ ಮತ್ತೆ ಮುರಿದೀತು. ಹಾಲು, ಮೊಟ್ಟೆ ತಗೊಳ್ಳಿ, ಬಿಸಿಲಿಗೆ ಕೂತ್ಕೊಳ್ಳಿ. ಇವತ್ತಿಂದ ಆರು ತಿಂಗಳು ಗುಡ್ಡ ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ."

ಬೊಳ್ಳಮ್ಮನಿಗೆ ಅಲ್ಲಿಯವರೆಗೆ ಬರೀ ಬೇಸರವಿತ್ತು. ಈಗ ಸಿಟ್ಟು ನೆತ್ತಿಗೆ ಏರಿತು.

"ಡಾಕ್ಟ್ರೇ, ನಂದು ಯಾವ ಎಲುಬು ಮುರಿದದ್ದು?"

"ಅದೇ ಬೊಳ್ಳಮ್ಮ. ಸಾವ್ಕಾರ್ರದ್ದೇ."

"ಆರು ತಿಂಗಳು ನಂಗೂ ಉಂಟಲ್ಲ ಹಾಗಾದ್ರೆ?"

ಡಾಕ್ಟರು ಚಹಾದ ಬಟ್ಟಲಿನೊಳಗೆ ನೋಡಿದರು. "ನಿಂದು ದುಡಿದ ಮೈ ಅಲ್ವಾ. ಬೇಗ ಕೂಡ್ತದೆ."

"ಓಹೋ! ಹಾಗಂತಲೇ ಚೀಟಿ ಬರ್ಕೊಡಿ. ಸಾವ್ಕಾರ್ರ ಎಲುಬಿಗೆ ಆರು ತಿಂಗಳು, ಬೊಳ್ಳಮ್ಮನ ಎಲುಬಿಗೆ ಇವತ್ತಿಗೆ ಮುಗೀತು ಅಂತ. ಕೆಳಗೆ ನಿಮ್ಮ ಸಹಿ ಹಾಕಿ."

ಡಾಕ್ಟರ ಕೈ ಜೇಬಿನ ಪೆನ್ನಿನವರೆಗೆ ಹೋಗಿ ಅಲ್ಲೇ ಉಳಿಯಿತು.

"ಬೊ... ಬೊಳ್ಳಮ್ಮ!" ಮಣೆಯ ಮೇಲಿನಿಂದ ಮಾತು ಚೂರು ಚೂರಾಗಿ ಬಿತ್ತು. "ಮಾ... ಮಾತು ಸಾಕು. ನ... ನಡಿ!"

ನಡೆದಳು. ಕೋಲನ್ನು ಗೋಡೆಗೆ ಒರಗಿಸಿ, ಒಂದಿಷ್ಟೂ ಕುಂಟದೆ, ಕಂಬ ದಾಟಿ, ಯಂತ್ರ ದಾಟಿ, ಡಾಕ್ಟರ ಎದುರಿಗೆ ಸಾವ್ಕಾರ್ರು ಬಿಟ್ಟೆದ್ದ ಬೆತ್ತದ ಕುರ್ಚಿಯವರೆಗೆ ನಡೆದಳು. ಆ ಜಗಲಿಯಲ್ಲಿ ಕುರ್ಚಿಯ ಮೇಲೆ ಆಳುಗಳಿರಲಿ, ಹನ್ನೆರಡು ವರ್ಷ ಚಾಕರಿ ಮಾಡಿದ ರೈಟರೂ ಕೂತವನಲ್ಲ. ಬೊಳ್ಳಮ್ಮ ಕೂತಳು. ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಎದುರಿನ ಸ್ಟೂಲಿನ ಮೇಲೆ ನೀಡಿದಳು.

"ಶಾಮಣ್ಣ, ಇವತ್ತಿನ ತಾರೀಕು ಬರ್ಕೊಳ್ಳಿ," ಅಂದಳು. "ಡಾಕ್ಟ್ರು ಹೇಳಿದ್ದಾರೆ. ಇಲ್ಲಿಂದ ಆರು ತಿಂಗಳು."

ಸಾವ್ಕಾರ್ರಿಗೆ ಮಣೆಯಿಂದ ಇಳಿಯಲು ಒಂದು ಹೆಗಲು ಬೇಕಿತ್ತು. ಸರಳು ಹಿಡಿದು ಅದುರುತ್ತಲೇ ಎರಡು ಸಲ ಶಾಮಣ್ಣನನ್ನು ಕೂಗಿದರು.

ಶಾಮಣ್ಣ ಜೇಬಿನಲ್ಲಿ ಪೆನ್ಸಿಲು ಹುಡುಕುತ್ತಿದ್ದ.