ಬೋಗಾದಿ ಮನೆಯ ಬೆಡ್‌ಶೀಟು

"ನೀವು ಯಾವ ಜನ ಅಂತ ಮೊದಲೇ ಯಾಕಮ್ಮ ಹೇಳಲಿಲ್ಲ?" ಎಂದು ಚಾಮುಂಡೇಶ್ವರಿ ಕೇಳಿದಾಗ ಧರಣಿ ಆಗಷ್ಟೇ ಹಾಸಿಗೆ ಹಾಸಿ ಮುಗಿಸಿದ್ದಳು. ಬೋಗಾದಿಯ ತಮ್ಮ ಮನೆಯ ಮಹಡಿಯನ್ನು ಚಾಮುಂಡೇಶ್ವರಿ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುತ್ತಿದ್ದರು. ಅಲ್ಲಿಗೆ ಬೆಡ್‌ಶೀಟು, ಟವೆಲು ಬಾಡಿಗೆಗೆ ಒದಗಿಸುವವಳು ಕೆಸರೆಯ ಧರಣಿ.

"ನೀವು ಕೇಳಲಿಲ್ಲ ಮೇಡಂ."

"ಇನ್ಮೇಲೆ ಒಳಗೆ ಬರಬೇಡ. ಗೇಟ್ ಹತ್ರ ಇಟ್ಟು ಹೋಗು, ನಾನು ನೀರು ಚಿಮುಕಿಸಿ ತಗೋತೀನಿ."

ಧರಣಿಯ ಗಿರಾಕಿಗಳಲ್ಲಿ ಬಿಡುವಿಲ್ಲದೆ ಕೆಲಸ ಕೊಡುವ ಮನೆ ಇದೊಂದೇ. ಆದರೂ ಅವಳು ಬೆಡ್‌ಶೀಟನ್ನು ಒಂದೇ ಸಲಕ್ಕೆ ಎಳೆದಳು, ದಿಂಬಿನ ಕವರು ಕಳಚಿದಳು, ಬಾತ್‌ರೂಮಿನ ಟವೆಲುಗಳನ್ನೂ ತಂದು ಗಂಟು ಕಟ್ಟಿದಳು. ಎಲ್ಲವೂ ಅವಳವೇ. ಅಷ್ಟರಲ್ಲಿ ಕೆಳಗೆ ಕಾರು ನಿಂತ ಸದ್ದಾಯಿತು.

"ಗೆಸ್ಟ್ ಬಂದ್ಬುಟ್ರು ಕಣಮ್ಮ, ಇವತ್ತೊಂದಿನ ಹಾಸ್ಬುಡು," ಚಾಮುಂಡೇಶ್ವರಿಯ ದನಿ ತಗ್ಗಿತ್ತು.

ಧರಣಿ ಗಂಟನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಬ್ಯಾಗು ಹೊತ್ತು ಹತ್ತಿ ಬರುತ್ತಿದ್ದ ಹೆಂಗಸು ನಗುತ್ತಾ, "ರೂಮ್ ರೆಡಿ ಇದೆಯಾ?" ಎಂದರು.

"ಇಲ್ಲ ಅಕ್ಕ," ಧರಣಿ ಮೇಲಕ್ಕೂ ಕೇಳುವಂತೆ ಹೇಳಿದಳು. "ನನ್ನ ಜಾತಿಯವರು ಮುಟ್ಟಿದ್ದು ಮೈಲಿಗೆಯಂತೆ. ಮೇಡಂ ಅವರೇ ಬೇರೆ ತಂದು ಹಾಸ್ತಾರೆ."