ಎಂ. ಈರೇಶ

“ಇದು ಯಾರ ಮನಿ ರೀ?” ಎಂದು ದ್ರಾಕ್ಷಾಯಣಿ ಕೇಳಿದಳು. ಮುದುಕಿ ಶಿವವ್ವ ಬಾಯಿ ಬಿಡದೆ, ಬಾಗಿಲ ಮೇಲಿನ ‘ಅಂದಾನೆಪ್ಪ’ ಎಂಬ ಫಲಕವನ್ನು ಬೆರಳಿನಿಂದ ತೋರಿಸಿದಳು. ನೇರ ಉತ್ತರ ಕೊಡದ ಮನೆ ಎಂದು ದ್ರಾಕ್ಷಾಯಣಿ ಆಗಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಅವಳು ಹಳಿಯಾಳದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಅಷ್ಟಿಷ್ಟು ಫ್ರೆಂಚ್ ಬಲ್ಲವಳು. ಕಾಡಿನ ಗಿಡಗಳ ಬಗ್ಗೆ ಕೆಲಸ ಮಾಡಿದವರ ಹೆಸರಿನ ಫಲಕವೊಂದು ಕುಳಗಿಯ ಅರಣ್ಯ ಶಿಬಿರದಲ್ಲಿ ಏಳಲಿತ್ತು. ಬರೆಯುವವನು ನಾಳೆಯೇ ಬರುತ್ತಾನೆ. ಮುಂಡಗೋಡದ ಅಂದಾನೆಪ್ಪ ತನ್ನ ಹೆಸರೂ ಇರಬೇಕೆಂದು ಅರ್ಜಿ ಕೊಟ್ಟಿದ್ದ. ಅದು ನಿಜವೋ ಸುಳ್ಳೋ ನೋಡಿ ಬರುವ ಕೆಲಸ ಇವಳ ಪಾಲಿಗೆ ಬಂದಿತ್ತು.

ಎಂಬತ್ತು ದಾಟಿದ ಅಂದಾನೆಪ್ಪ ಟ್ರಂಕಿನಿಂದ ಹಳದಿಗಟ್ಟಿದ ಫ್ರೆಂಚ್ ಲೇಖನ ತೆಗೆದ. “ಐವತ್ತು ವರ್ಷದ ಹಿಂದ ಬಂದಿದ್ದ ಫ್ರೆಂಚ್ ಸಾಹೇಬಗ ನೂರಾ ಹದಿನಾಲ್ಕು ಮದ್ದಿನ ಗಿಡ ನಾನs ತೋರಿಸೇನ್ರಿ. ಸಾಹೇಬ ನನ್ನ ಹೆಸರೂ ಹಾಕ್ಯಾನ. ಆ ಭಾಷಾ ನನಗ ಓದಾಕ ಬರೂದಿಲ್ಲ. ಸಾಯೂದ್ರಾಗ ಒಮ್ಮೆ ಆ ಫಲಕದಾಗ ನೋಡಬೇಕು, ಅಷ್ಟs.”

“ಹೆಸರಿನ ಮುಂದ ಎಂ. ಅಂತ ಐತಲ್ಲ, ಏನದು?” ಎಂದು ಲೇಖನ ನೋಡುತ್ತ ದ್ರಾಕ್ಷಾಯಣಿ ಕೇಳಿದಳು.

“ಮುಂಡಗೋಡ ಇರಬೇಕು. ನಮ್ಮ ಕಡೆ ಊರ ಹೆಸರು ಮೊದಲ ಬರತೈತಿ.”

ದ್ರಾಕ್ಷಾಯಣಿ ನಕ್ಕಳು. ಸುಳ್ಳು ಹೇಳುವವರಿಗೆ ಉತ್ತರ ಬಾಯಲ್ಲೇ ಇರುತ್ತದೆ. “ಆ ಕಾಲದ ಫ್ರೆಂಚರು ಗಂಡಸರ ಹೆಸರಿನ ಮುಂದ ಎಂ. ಹಾಕತಿದ್ರು, ನಮ್ಮ ‘ಶ್ರೀ’ ಇದ್ದಂಗ. ಊರಲ್ಲ. ಎಂ. ಆದಮ್ಯಾಲೆ ಇರೂದು ನಿಮ್ಮ ಹೆಸರೂ ಅಲ್ಲ. ಈರೇಶ ಅಂತ ಐತಿ.”

ಮುದುಕನ ಮುಖ ಇಳಿಯಿತು. ಹೆಂಡತಿ ಶಿವವ್ವನ ಕಡೆ ಒಮ್ಮೆ ನೋಡಿದ. ಅವಳು ನೆಲ ನೋಡಿದಳು. ಅವನು ಎದ್ದು ಹಿತ್ತಲಿಗೆ ಹೋದ.

ಕಳ್ಳತನ ಸಿಕ್ಕಿತು ಎಂದುಕೊಂಡಳು ದ್ರಾಕ್ಷಾಯಣಿ. “ಈರೇಶ ಯಾರಬೇ?”

“ನಮ್ಮನ್ಯಾಗ ದುಡದು ದುಡದು ಸವೆದ ಜೀವ,” ಎಂದಳು ಶಿವವ್ವ.

“ಈಗ ಎಲ್ಲಿ?”

“ಹೋಗಿ ನಲವತ್ತೈದು ವರ್ಷ ಆತು. ಹಿತ್ತಲದಾಗ ಮಣ್ಣು ಕೊಟ್ಟೇವಿ.”

ದ್ರಾಕ್ಷಾಯಣಿಗೆ ಮೈ ಉರಿಯಿತು. ಆಳಿನ ದುಡಿಮೆ, ಧಣಿಯ ಹೆಸರು. ಸತ್ತವನಿಗೆ ಹಿತ್ತಲಿನ ಮಣ್ಣು, ಬದುಕಿದವನಿಗೆ ಕುಳಗಿಯ ಫಲಕ. ಅರ್ಜಿಯ ಮೇಲೆ ಅಡ್ಡಗೆರೆ ಎಳೆಯಲು ಪೆನ್ನು ತೆಗೆದಳು.

ಶಿವವ್ವ ಆ ಪೆನ್ನು ಹಿಡಿದ ಕೈಯನ್ನೇ ಹಿಡಿದುಕೊಂಡಳು. “ತಪ್ಪು ನಂದು, ತಂಗಿ. ಸಾಹೇಬ ಊರಿಗೆ ಹೊಂಟ ದಿನ ಇವರು ಅಂಗಳದಾಗ ಗಾಡಿ ಹೂಡಾಕ್ಹತ್ತಿದ್ರು. ಅವ ಇವರ ಕಡೆ ಬೊಟ್ಟು ಮಾಡಿ, ಹೆಸರೇನು ಅಂತ ನನ್ನ ಕೇಳಿದ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

“ಗಂಡನ ಹೆಸರು ಹೆಂಗ ಹೇಳಲಿ? ಪಕ್ಕದಾಗ ನಿಂತಿದ್ದ ಎತ್ತಿನ ಹೆಸರು ಹೇಳಿಬಿಟ್ಟೆ.”